ಊಟದ ಹೊತ್ತಿನ ಒದೆತ

ಔಷಧಿ ಅಂಗಡಿಯ ಮೇಲಿನ ಆ ಉದ್ದನೆಯ ಕೋಣೆಗೆ ಗಂಡನನ್ನು ಜೊತೆಗೆ ಕರೆದುಕೊಂಡು ಬರುತ್ತಿದ್ದವಳು ಇಸ್ತ್ರಿ ಒಬ್ಬಳೇ. ಉಳಿದ ಬಸುರಿಯರ ಗಂಡಂದಿರು ಕೆಳಗೆ ರಸ್ತೆಯಲ್ಲೇ ಸ್ಕೂಟರಿನ ಮೇಲೆ ಕೂತು ಫೋನು ನೋಡುತ್ತಿದ್ದರು. ಇವನು ಮಾತ್ರ ಚಪ್ಪಲಿ ಬಿಟ್ಟು ಮೇಲೆ ಬಂದು, ಹೆಂಗಸರ ನಡುವೆ ಚಕ್ಕಳಮಕ್ಕಳ ಹಾಕಿ ಕೂರುತ್ತಿದ್ದ. ಮೂಗಲ್ಲಿ ಎಳೆದುಕೊಳ್ಳಿ, ಬಾಯಲ್ಲಿ ಬಿಡಿ ಎಂದು ಸೂಲಗಿತ್ತಿ ಹೇಳಿದಾಗ ಎಲ್ಲರಿಗಿಂತ ಜೋರಾಗಿ ಎಳೆದು ಬಿಡುತ್ತಿದ್ದ. ಹೆಂಗಸರು ಸೆರಗಿನಲ್ಲಿ ಮುಸಿಮುಸಿ ನಗುತ್ತಿದ್ದರು.

"ಹೆರೋದು ನೀವಲ್ಲಪ್ಪ. ಸ್ವಲ್ಪ ಗಾಳಿ ನಮಗೂ ಉಳಿಸಿ" ಎಂದು ಸೂಲಗಿತ್ತಿಯೇ ಒಂದು ದಿನ ಹೇಳಿದ್ದರು.

ಆಕೆ ಆಸ್ಪತ್ರೆಯಲ್ಲಿ ತರಬೇತಿ ಪಡೆದು, ಅಲ್ಲಿಯೇ ಹೆರಿಗೆ ಮಾಡಿಸುತ್ತಿದ್ದವರು. ಸಂಜೆ ಈ ಕೋಣೆಯಲ್ಲಿ ಬಸುರಿಯರಿಗೆ ಪಾಠ. ಏನೇ ಕೇಳಿದರೂ ಮೊದಲು ಉಸಿರು ಸರಿಮಾಡಿಕೋ, ಆಮೇಲೆ ಕೇಳು ಎನ್ನುತ್ತಿದ್ದುದರಿಂದ ಅವರಿಗೆ ಉಸಿರಮ್ಮ ಎಂದೇ ಹೆಸರು ನಿಂತುಹೋಗಿತ್ತು.

ಇಸ್ತ್ರಿ ಎನ್ನುವುದೂ ನಿಜವಾದ ಹೆಸರಲ್ಲ. ಅವಳು ಒಂದು ಮುದ್ರಣಾಲಯದ ಬೈಂಡಿಂಗ್ ವಿಭಾಗದಲ್ಲಿ ಅಚ್ಚಾದ ಹಾಳೆ ಮಡಿಸುತ್ತಿದ್ದಳು. ಅವಳು ಮಡಿಸಿದ ಹಾಳೆಯ ಅಂಚು ಕೂದಲೆಳೆಯಷ್ಟೂ ಆಚೀಚೆ ಆಗುತ್ತಿರಲಿಲ್ಲ. ಇವಳು ಮಡಿಸುವುದಲ್ಲ, ಇಸ್ತ್ರಿ ಹೊಡೆಯುವುದು ಎಂದು ಅಲ್ಲಿಯ ಹಿರಿಯಳಾದ ಗೋಂದಕ್ಕ ಹೇಳಿದ್ದೇ ಹೆಸರಾಯಿತು. ಗೋಂದಕ್ಕನ ಹೆಸರು ಹೇಗೆ ಬಂತೆಂದು ಯಾರೂ ಕೇಳಬೇಕಿರಲಿಲ್ಲ. ಅವಳ ಬೆರಳ ತುದಿಗಳು ಸದಾ ಅಂಟಂಟು. ಇಸ್ತ್ರಿಯ ಗಂಡ ಅದೇ ಮುದ್ರಣಾಲಯದಲ್ಲಿ ಮಷೀನ್‌ಮ್ಯಾನ್. ಅವನ ಯಂತ್ರ ಹಳೆಯದು, ಆನೆಯಷ್ಟು ಭಾರದ್ದು. ಅದರ ಸದ್ದು ಕೇಳಿದರೆ ಸಾಕು, ಎಲ್ಲಿ ಎಣ್ಣೆ ಕಮ್ಮಿಯಾಗಿದೆ ಎಂದು ಅವನು ಹೇಳುತ್ತಿದ್ದ.

ಮೊದಲನೆಯ ಬಸಿರು ಐದನೇ ತಿಂಗಳಲ್ಲಿ ಹೋಗಿತ್ತು. ಯಾರೂ ಅವಳನ್ನು ಎದುರಿಗೆ ಬೈಯಲಿಲ್ಲ. ಭಾರ ಎತ್ತಿದ್ದಕ್ಕೆ ಇರಬೇಕು ಎಂದರು ಅತ್ತೆ. ಬಸ್ಸಿನ ಕುಲುಕಾಟಕ್ಕೆ ಎಂದಳು ಓರಗಿತ್ತಿ. ಇಂಥದ್ದೇ ಕಾರಣ ಅಂತ ಹೇಳಲಿಕ್ಕಾಗುವುದಿಲ್ಲ ಎಂದು ಹೇಳಿ ಡಾಕ್ಟರು ಮುಂದಿನವರನ್ನು ಕರೆದರು. ಎಲ್ಲದಕ್ಕಿಂತ ಹೆಚ್ಚು ಚುಚ್ಚಿದ್ದು ಡಾಕ್ಟರ ಮಾತೇ. ಕಾರಣ ಇದ್ದರೆ ತಿದ್ದಿಕೊಳ್ಳಬಹುದು. ಕಾರಣವೇ ಇಲ್ಲದಿದ್ದರೆ ತಿದ್ದಿಕೊಳ್ಳುವುದು ಏನನ್ನು?

ಹಾಗಾಗಿ ಎರಡನೆಯದಕ್ಕೆ ಮುಂಚೆಯೇ, ಇನ್ನೂ ಏನೂ ನಿಲ್ಲುವ ಮೊದಲೇ, ಅವಳು ಉಸಿರಮ್ಮನ ಬಾಗಿಲಿಗೆ ಹೋಗಿ ನಿಂತಿದ್ದಳು. ಎಷ್ಟು ತಿಂಗಳು ಎಂದು ಕೇಳಿದ್ದಕ್ಕೆ, ಇನ್ನೂ ಇಲ್ಲ ಎಂದಿದ್ದಳು. ಉಸಿರಮ್ಮ ನಗಲು ಹೊರಟವರು ಅವಳ ಮುಖ ನೋಡಿ ನಗಲಿಲ್ಲ. ಕೂರಿಸಿಕೊಂಡು, ರಕ್ತ ಪರೀಕ್ಷೆಯಿಂದ ಹಿಡಿದು ನಡಿಗೆ, ನಿದ್ದೆ, ಮಾತ್ರೆಯವರೆಗೆ ಎಲ್ಲ ಹೇಳಿಕೊಟ್ಟರು. ಇಸ್ತ್ರಿಗೆ ಹೇಳಿದ ಮಾತಿನಂತೆ ನಡೆಯುವುದು ಬರುತ್ತಿತ್ತು. ಅಂಚಿಗೆ ಅಂಚು ಕೂಡಿಸುವವಳಿಗೆ ಅದೇನು ಕಷ್ಟ? ಅನ್ನಿಸಿದ್ದನ್ನು ಕೇಳುವುದು ಮಾತ್ರ ಬರುತ್ತಿರಲಿಲ್ಲ. ಕೇಳಿದರೆ ದಡ್ಡಿ ಅಂದುಕೊಂಡಾರು ಎಂಬ ಅಳುಕು.

ಬಸಿರು ನಿಂತಿತು. ಐದನೇ ತಿಂಗಳು ದಾಟುವವರೆಗೆ ಗಂಡಹೆಂಡತಿ ಆ ವಿಷಯ ಆಡಲೇ ಇಲ್ಲ. ದಾಟಿದ ದಿನ ಅವನು ಯಂತ್ರದ ಮಸಿ ತೊಳೆದುಕೊಂಡು ಬಂದು ಅವಳ ಪಕ್ಕ ಕೂತು ಸುಮ್ಮನೆ ಕಾಲು ಒತ್ತಿದ. ಗೋಂದಕ್ಕ ಅವಳನ್ನು ಕಟ್ಟು ಎತ್ತುವ ಕೆಲಸದಿಂದ ಬಿಡಿಸಿ ಕೂತು ಮಾಡುವ ಕೆಲಸಕ್ಕೆ ಹಾಕಿದಳು. ಯಂತ್ರದ ಹಿಂದಿದ್ದ ಕಾಗದದ ಕೋಣೆಯಲ್ಲಿ ಅಚ್ಚಾಗದ ಕಾಗದದ ರೀಮು ಕಟ್ಟುಗಳನ್ನು ಮಂಚದ ಹಾಗೆ ಜೋಡಿಸಿ, ಮೇಲೆ ಹಳೆಯ ಕಂಬಳಿ ಹಾಸಿಕೊಟ್ಟಳು. ಊರಲ್ಲಿ ಯಾವ ಮಹಾರಾಣಿಗೂ ಇಂಥ ಮಂಚ ಇಲ್ಲ, ಇಷ್ಟು ಕಾಗದದ ಮೇಲೆ ಮಲಗಿದರೆ ಹುಟ್ಟುವುದು ಮೇಷ್ಟರೇ ಎಂದು ತಮಾಷೆ ಮಾಡಿದಳು.

ಮಲಗಲು ಹೇಳಿದ್ದು ಉಸಿರಮ್ಮ. ದಿನಾ ಒಂದೇ ಹೊತ್ತಿನಲ್ಲಿ, ಊಟವಾದ ಮೇಲೆ, ಎಡಮಗ್ಗುಲಾಗಿ ಮಲಗಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಳ್ಳಬೇಕು. ಮಗುವಿನ ಚಾಳಿ ಏನು, ಯಾವಾಗ ಏಳುತ್ತದೆ, ಹೇಗೆ ಒದೆಯುತ್ತದೆ ಎಂದು ಕೈಗೆ ರೂಢಿಯಾಗಬೇಕು. ದಿನ ತುಂಬುತ್ತಾ ಬಂದಂತೆ ಜಾಗ ಸಾಲದೆ ಒದೆತ ಹೋಗಿ ಹೊರಳಾಟ, ನಡುಕದ ಹಾಗೆ ಆಗಬಹುದು; ಆದರೆ ಕಮ್ಮಿಯಾಗಬಾರದು. ಕಮ್ಮಿ ಅನ್ನಿಸಿದರೆ ಯಾರನ್ನೂ ಕೇಳುತ್ತಾ ಕೂರದೆ ಓಡಿ ಬರಬೇಕು.

ಮುದ್ರಣಾಲಯದಲ್ಲಿ ಊಟದ ಹೊತ್ತಿಗೆ ಯಂತ್ರ ನಿಲ್ಲಿಸುತ್ತಿದ್ದರು. ಅವಳು ಊಟ ಮಾಡಿ ಕಾಗದದ ಮಂಚದ ಮೇಲೆ ಮಗ್ಗುಲಾಗುವುದಕ್ಕೂ ಒಳಗೆ ಧಡ್ ಎಂದು ಒದೆ ಬೀಳುವುದಕ್ಕೂ ಸರಿಹೋಗುತ್ತಿತ್ತು. ಗಂಡ ಕೈ ಒರೆಸಿಕೊಳ್ಳುತ್ತಾ ಬಂದು ಹೊಟ್ಟೆಯ ಮೇಲೆ ಅಂಗೈಯಿಟ್ಟು ಕಾಯುತ್ತಿದ್ದ. ಒದ್ದರೆ ಮಕ್ಕಳ ಹಾಗೆ ನಗುತ್ತಿದ್ದ. ಅಪ್ಪನ ಊಟ ಮುಗಿಯುವುದನ್ನೇ ಕಾಯುವ ಕಿರಿ ಮಷೀನ್‌ಮ್ಯಾನ್ ಎಂದು ಗೋಂದಕ್ಕ ಹೊಟ್ಟೆಗೇ ಹೆಸರಿಟ್ಟಳು. ಮನೆಯಲ್ಲಿ, ಸಂಜೆಗೆ, ಅದು ಅಷ್ಟಾಗಿ ಅಲುಗಾಡುತ್ತಿರಲಿಲ್ಲ. ಹಗಲು ದುಡಿದವರ ಮಗು, ಸಂಜೆ ಮಲಗುತ್ತದೆ ಎಂದುಕೊಂಡಳು.

ಒಮ್ಮೆ ಹೊಟ್ಟೆಯೊಳಗೆ ಟಿಕ್ ಟಿಕ್ ಎಂದು ಒಂದೇ ಸಮ ಬಡಿಯತೊಡಗಿದಾಗ ಅವಳು ಹೆದರಿ ಉಸಿರಮ್ಮನಿಗೆ ಫೋನು ಮಾಡಿಸಿದ್ದಳು. ಅದು ಬಿಕ್ಕಳಿಕೆ. ಆ ವಾರ ಪಾಠದ ಕೋಣೆಯಲ್ಲಿ ಎಲ್ಲರೂ ನಕ್ಕರು. ಕೆಟ್ಟ ನಗುವೇನಲ್ಲ. ಆದರೂ ಅವಳ ಕಿವಿ ಬಿಸಿಯಾಯಿತು. ಇನ್ನು ಮೇಲೆ ಖಾತ್ರಿಯಾಗದೆ ಬಾಯಿಬಿಡಬಾರದು ಎಂದುಕೊಂಡಳು.

ಅವಳಿಗೆ ದಿನ ತುಂಬುತ್ತಾ ಬಂದಾಗ, ಶಾಲೆ ಶುರುವಾಗುವ ಮುನ್ನದ ಪಠ್ಯಪುಸ್ತಕಗಳ ಕೆಲಸ ಬಂತು. ಊಟದ ಹೊತ್ತಿಗೂ ಯಂತ್ರ ನಿಲ್ಲಿಸಬೇಡ ಎಂದು ಮಾಲೀಕರು ಕೇಳಿದಾಗ ಮಷೀನ್‌ಮ್ಯಾನ್ ತಕ್ಷಣ ಒಪ್ಪಿಕೊಂಡ. ಅದಕ್ಕೆ ಬದಲಾಗಿ ಹೆರಿಗೆಯ ನಂತರ ಅವನಿಗೆ ರಜೆ. ಯಂತ್ರಕ್ಕೆ ಹಾಳೆ ಹಾಕುವವನೂ ಅವನೂ ಸರದಿಯ ಮೇಲೆ ಊಟ ಮಾಡತೊಡಗಿದರು. ಹೆಂಡತಿಗೆ ಇದನ್ನು ಹೇಳುವಾಗ ಅವನ ಮುಖದಲ್ಲಿ ಗೆದ್ದ ಕಳೆ ಇತ್ತು. ಬಾಣಂತಿಯನ್ನು ಅಮ್ಮನ ಮೇಲೆ ಬಿಟ್ಟು ಬರುವ ಗಂಡಸು ನಾನಲ್ಲ, ಮಗುವಿಗೆ ಸ್ನಾನ ಮಾಡಿಸುವುದನ್ನೂ ಉಸಿರಮ್ಮನ ಹತ್ತಿರ ಕಲಿತಿದ್ದೇನೆ ಎಂದ.

ಯಂತ್ರ ಓಡುವಾಗ ಆ ಕಟ್ಟಡವೆಲ್ಲ ನಡುಗುತ್ತದೆ. ಹೊಸದಾಗಿ ಬಂದವರು ಲೋಟದ ನೀರು ಅಲುಗುವುದನ್ನು ನೋಡಿ ಗಾಬರಿಯಾಗುತ್ತಾರೆ. ಅಲ್ಲೇ ವರ್ಷಗಟ್ಟಲೆ ದುಡಿದವರ ಮೈಗೆ ಅದು ತಿಳಿಯುವುದಿಲ್ಲ. ತಿಳಿಯುವುದು ನಿಂತಾಗ ಮಾತ್ರ.

ಆ ಕೆಲಸ ಶುರುವಾದ ವಾರದ ಆರಂಭದಲ್ಲಿ ಉಸಿರಮ್ಮ ಹೊಟ್ಟೆಗೆ ಕೊಳವೆಯಿಟ್ಟು ಎದೆಬಡಿತ ಕೇಳಿದ್ದರು. ಕುದುರೆಯ ಹಾಗೆ ಓಡುತ್ತಿತ್ತು. ಅಲುಗಾಟ ಹೇಗಿದೆ ಎಂದು ಕೇಳಿದರು. ಚೆನ್ನಾಗಿದೆ, ಊಟವಾದ ಮೇಲೆ ಎಂದಿನಂತೆ ಎಂದಳು. ಆಗ ಅದು ನಿಜವೂ ಆಗಿತ್ತು.

ನಂತರದ ದಿನಗಳಲ್ಲಿ ಒದೆತ ಮೆತ್ತಗಾಯಿತು. ಕಂಬಳಿಯ ಮೇಲೆ ಮಲಗಿ ಕೈಯಿಟ್ಟರೆ ಒಳಗೊಂದು ಸಣ್ಣ ನಡುಕ, ಎಡೆಬಿಡದೆ. ಜಾಗ ಸಾಲದೆ ಹೊರಳಾಡುತ್ತಿದೆ ಎಂದು ಗಂಡನಿಗೂ ಹೇಳಿದಳು, ಉಸಿರಮ್ಮ ಹೇಳಿದ ಮಾತುಗಳಲ್ಲೇ. ಅವನು ಅಂಗೈಯಿಟ್ಟು ತಲೆಯಾಡಿಸಿದ. ಸಂಜೆ ಮನೆಯಲ್ಲಿ ಕೈಯ ಕೆಳಗೆ ಏನೂ ಅಲುಗದಿದ್ದಾಗ ಹೆದರುತ್ತಿದ್ದಳು. ಫೋನು ಕೈಗೆತ್ತಿಕೊಂಡು ಇಟ್ಟುಬಿಡುತ್ತಿದ್ದಳು. ನಾಳೆ ಊಟದ ಹೊತ್ತಿಗೆ ನೋಡೋಣ ಎಂದುಕೊಳ್ಳುತ್ತಿದ್ದಳು. ನಾಳೆ ಊಟದ ಹೊತ್ತಿಗೆ ಅದು ಇರುತ್ತಿತ್ತು.

ವಾರ ಮುಗಿಯುತ್ತಾ ಬಂದ ಒಂದು ಮಧ್ಯಾಹ್ನ, ಅವಳು ಮಲಗಿದ್ದಾಗ, ಕರೆಂಟು ಹೋಯಿತು.

ಮೊದಲು ಕಿವಿಗೆ ಹಾಯೆನಿಸಿತು. ಗೋಂದಕ್ಕ ಆಚೆಯಿಂದ ಕರೆಂಟಿನವರ ವಂಶವನ್ನು ಹರಸತೊಡಗಿದಳು. ಆಮೇಲೆ ಮೆಲ್ಲಗೆ ಇಸ್ತ್ರಿಗೆ ತಿಳಿಯಿತು: ಕೈಯ ಕೆಳಗೂ ಏನೂ ಇಲ್ಲ. ಅವಳು ಉಸಿರು ಹಿಡಿದು ಕಾದಳು. ಮಗ್ಗುಲು ಬದಲಿಸಿದಳು. ಹೊಟ್ಟೆಯನ್ನು ಬೆರಳಿಂದ ಒತ್ತಿದಳು, ಮೊದಲು ಮೆಲ್ಲಗೆ, ಆಮೇಲೆ ನೋಯುವಷ್ಟು. ನೀರು ತುಂಬಿದ ಚೀಲದಲ್ಲಿ ಏನೋ ದೂಡಿದ ಕಡೆಗೆ ಸರಿದು ಅಲ್ಲೇ ನಿಂತ ಹಾಗಿತ್ತು.

ಗಂಡ ಬಂದು ನೋಡಿದ. ಮಲಗಿದೆ ಅನಿಸುತ್ತೆ ಎಂದಳು. ಅವನು ಓಡಿಹೋಗಿ ಸಕ್ಕರೆ ಕದಡಿದ ತಣ್ಣೀರು ತಂದು ಕುಡಿಸಿದ. ಅದೂ ಪಾಠದ ಕೋಣೆಯಲ್ಲಿ ಕಲಿತದ್ದೇ. ಮಂಡಿಯೂರಿ, ಹೊಟ್ಟೆಯ ಮೇಲೆ ಎರಡೂ ಅಂಗೈಯಿಟ್ಟು, ಏಳಪ್ಪ, ಎದ್ದೇಳು ಎನ್ನುತ್ತಿದ್ದ. ಹಾಗೆ ಎಷ್ಟು ಹೊತ್ತಾಯಿತೋ. ಕರೆಂಟು ಬಂತು. ಆಚೆ ಯಂತ್ರ ಒಮ್ಮೆ ಕೆಮ್ಮಿ, ನಿಧಾನವಾಗಿ ಹಿಡಿದುಕೊಂಡಿತು. ನೆಲದಿಂದ ರೀಮಿಗೆ, ರೀಮಿನಿಂದ ಕಂಬಳಿಗೆ, ಕಂಬಳಿಯಿಂದ ಅವಳ ಸೊಂಟಕ್ಕೆ, ಅಲ್ಲಿಂದ ಹೊಟ್ಟೆಗೆ ಆ ಸಣ್ಣ ನಡುಕ ಏರಿ ಬಂತು.

ಅವನ ಮುಖ ಅರಳಿತು. "ನೋಡು, ಎದ್ದ. ಸುಮ್ನೆ ಹೆದರಿಸಿಬಿಟ್ಟ ಕಳ್ಳ."

ಅವಳು ಅವನ ಮುಖವನ್ನೇ ನೋಡಿದಳು.  ಆದರೂ ಒಮ್ಮೆ ಉಸಿರಮ್ಮನ ಹತ್ತಿರ ಹೋಗಿಬರೋಣ ಎಂದಷ್ಟೇ ಹೇಳಿದಳು.

ಆಸ್ಪತ್ರೆಯ ಒಂದು ಸಣ್ಣ ಪರೀಕ್ಷೆಯ ಕೋಣೆಯಲ್ಲಿ ಉಸಿರಮ್ಮ ಕೊಳವೆಯಿಟ್ಟು ಕೇಳಿದರು. ಜಾಗ ಬದಲಿಸಿ ಕೇಳಿದರು. ಕೊಳವೆ ಬಿಟ್ಟು ಎದೆಬಡಿತ ಕೇಳಿಸುವ ಯಂತ್ರ ಹಚ್ಚಿದರು. ಗಂಡ ಕಾಲ ಬಳಿ ನಿಂತು, ಈಗ ತಾನೇ ಒದ್ದಿದೆ ಅಕ್ಕ, ನಾನೇ ಕೈಯಿಟ್ಟು ನೋಡಿದೆ ಎಂದು ಹೇಳುತ್ತಲೇ ಇದ್ದ. ಉಸಿರಮ್ಮ ಡಾಕ್ಟರನ್ನು ಕರೆಸಿದರು. ಡಾಕ್ಟರು ಬಂದು ಪರದೆಯ ಮೇಲೆ ನೋಡಿ, ಪರದೆಯನ್ನು ತಮ್ಮ ಕಡೆಗೆ ತಿರುಗಿಸಿಕೊಂಡರು. ಆಮೇಲೆ ಹೇಳಬೇಕಾದ್ದನ್ನು ಹೇಳಿದರು. ಹೆರಿಗೆ ಎಲ್ಲರಿಗೂ ಆಗುವ ಹಾಗೆಯೇ ಆಗಬೇಕು, ನೋವು ಬರಲು ಔಷಧಿ ಕೊಡುತ್ತೇವೆ ಎಂದರು.

ಮರುದಿನ ಬೆಳಿಗ್ಗೆ ನೋವು ಹಿಡಿಯಿತು. ಅವಳು ಕಲಿತದ್ದೆಲ್ಲ ಉಪಯೋಗಕ್ಕೆ ಬಂತು. ಗೋಡೆ ಹಿಡಿದು ಬಾಗುವುದು, ಸೊಂಟ ತಿರುಗಿಸುವುದು, ನೋವು ಏರುವಾಗ ಹಲ್ಲು ಕಚ್ಚದೆ ಬಾಯಿ ಸಡಿಲ ಬಿಡುವುದು. ಒಂದೂ ತಪ್ಪಲಿಲ್ಲ. ಇಷ್ಟು ಚೆನ್ನಾಗಿ ಮಾಡುತ್ತಿದ್ದೀಯ ಎಂದು ಹೇಳಲು ಬಾಯಿ ತೆರೆದ ಉಸಿರಮ್ಮ ಹೇಳದೆ ಮುಚ್ಚಿಕೊಂಡದ್ದನ್ನು ಅವಳು ಕಂಡಳು. ಗಂಡ ತಲೆಯ ಬಳಿ ಕೂತು ಅವಳ ಜೊತೆ ಉಸಿರೆಳೆದು ಬಿಡುತ್ತಿದ್ದ. ಪಕ್ಕದ ಕೋಣೆಯಲ್ಲಿ ಯಾರದೋ ಮಗು ಅತ್ತಿತು. ಅವನ ಉಸಿರು ಒಂದು ಕ್ಷಣ ತಪ್ಪಿ, ಮತ್ತೆ ಸೇರಿಕೊಂಡಿತು.

ಮಧ್ಯಾಹ್ನ ಹುಟ್ಟಿತು. ಹೆಣ್ಣು. ಆ ಕೋಣೆಯಲ್ಲಿ ಪಾತ್ರೆಯ ಸದ್ದು ಮಾತ್ರ ಇತ್ತು. ಉಸಿರಮ್ಮ ಮಗುವನ್ನು ಒರೆಸಿ, ಬಿಳಿ ಬಟ್ಟೆಯಲ್ಲಿ ಸುತ್ತಿ, ಮುಖ ಮಾತ್ರ ಕಾಣುವಂತೆ ಅವಳ ತೋಳಿಗೆ ಕೊಟ್ಟರು. ಮೂಗು ಅವನದೇ. ಕೆನ್ನೆಯ ಚರ್ಮ ನೀರಲ್ಲಿ ನೆನೆದ ಕಾಗದದ ಹಾಗೆ ಒಂದು ಕಡೆ ಎದ್ದಿತ್ತು. ಇಸ್ತ್ರಿ ಅದನ್ನು ಬೆರಳಿಂದ ಮೆಲ್ಲಗೆ ಸರಿಪಡಿಸಲು ನೋಡಿದಳು. ಉಸಿರಮ್ಮ ಅವಳ ಕೈ ಹಿಡಿದುಕೊಂಡರು.

ಗಂಡನೂ ಅದನ್ನು ನೋಡಿದ. ಇದೇನು ಎಂದು ಕೇಳಿದ. ಜೀವ ಹೋಗಿ ಎರಡು ಮೂರು ದಿನವಾದರೂ ಆಗಿರಬೇಕು, ಒಳಗೇ ಇದ್ದುದರಿಂದ ಚರ್ಮ ಹಾಗೆ ಆಗುತ್ತದೆ ಎಂದು ಉಸಿರಮ್ಮ ತಗ್ಗಿದ ದನಿಯಲ್ಲಿ ವಿವರಿಸಿದರು. ಹೊಕ್ಕುಳ ಬಳ್ಳಿ ಕೊರಳಿಗೆ ಎರಡು ಸುತ್ತು ಬಿಗಿದಿತ್ತು, ಮುಂಚೆ ಗೊತ್ತಾಗಿದ್ದರೂ ಉಳಿಯುತ್ತಿತ್ತು ಅಂತ ಹೇಳಲಿಕ್ಕಾಗುವುದಿಲ್ಲ ಎಂದರು.

ಅವನು ಅದನ್ನು ಒಪ್ಪಲಿಲ್ಲ. ನಿನ್ನೆ ಊಟದ ಹೊತ್ತಿಗೆ ಒದ್ದ ಮಗು ಮೂರು ದಿನದ ಹಿಂದೆ ಹೇಗೆ ಸಾಯುತ್ತದೆ ಎಂದು ಕೇಳಿದ. ಮೊದಲು ಮೆತ್ತಗೆ ಕೇಳಿದವನು ಕೇಳುತ್ತಾ ಕೇಳುತ್ತಾ ಜೋರಾದ. ಇಲ್ಲಿಗೆ ಬಂದ ಮೇಲೆ ಏನೋ ಮಾಡಿದ್ದೀರಿ, ಔಷಧಿ ಏನು ಕೊಟ್ಟಿರೋ, ತಪ್ಪು ಮುಚ್ಚಲು ಕಥೆ ಕಟ್ಟುತ್ತಿದ್ದೀರಿ ಎಂದ. ಮೇಲಿನವರಿಗೆ ದೂರು ಕೊಡುತ್ತೇನೆ, ನಿಮ್ಮ ಕೆಲಸ ಕಳೆಯದೆ ಬಿಡುವುದಿಲ್ಲ ಎಂದ. ನಿಮ್ಮನ್ನು ನಂಬಿ ಹೆಂಗಸರ ಮಧ್ಯೆ ಕೂತು ಉಸಿರಾಡಲು ಕಲಿತೆ ಎಂದ.

 ಉಸಿರಮ್ಮ ಇಸ್ತ್ರಿಯನ್ನು ನೋಡುತ್ತಿದ್ದರು. "ಎಲ್ಲಿ ಮಲಗ್ತಿದ್ದೆ ತಾಯಿ, ಊಟ ಆದ್ಮೇಲೆ?" ಎಂದು ಕೇಳಿದರು.

 ಅವಳು ಉತ್ತರಿಸುವ ಅಗತ್ಯ ಬೀಳಲಿಲ್ಲ. ಮುದ್ರಣಾಲಯದ ಹೆಂಗಸು ಊಟವಾದ ಮೇಲೆ ಎಲ್ಲಿ ಮಲಗಬಹುದು ಎಂಬುದು ಉಸಿರಮ್ಮನಿಗೆ ಕೇಳುವಾಗಲೇ ಹೊಳೆದಂತಿತ್ತು. ಹತ್ತಿರದ ಸ್ಟೂಲನ್ನು ಎಳೆದುಕೊಂಡು ಅವರು ಕೂತುಬಿಟ್ಟರು. "ಎಡಮಗ್ಗುಲಾಗಿ ಅಂತ ನೂರು ಸಲ ಹೇಳಿದೆ. ಎಲ್ಲಿ ಅಂತ ಒಂದು ಸಲ ಕೇಳ್ಲಿಲ್ಲ."

ಅವರು ಮುಂದೆ ಏನನ್ನೂ ಹೇಳುವುದಿಲ್ಲ ಎಂದು ಇಸ್ತ್ರಿಗೆ ಅರ್ಥವಾಯಿತು. ಇವನು ದೂರು ಕೊಟ್ಟರೂ ಹೇಳಲಿಕ್ಕಿಲ್ಲ. ಅವಳು ಬಾಯಿ ಮುಚ್ಚಿಕೊಂಡಿದ್ದರೆ ಗಂಡನಿಗೆ ಬೈಯಲು ಒಬ್ಬರು ಸಿಗುತ್ತಿದ್ದರು. ಮಗು ತನ್ನ ಅಂಗೈಯ ಕೆಳಗೆ ಕೊನೆಯವರೆಗೂ ಬದುಕಿತ್ತು ಎಂದು ಅವನು ಜೀವಮಾನ ಪೂರ್ತಿ ನಂಬುತ್ತಿದ್ದ. ಅದನ್ನು ಅವನಿಗೆ ಉಳಿಸಬೇಕೆಂದು ಅವಳ ಹೊಟ್ಟೆಯೆಲ್ಲ ಬೇಡಿಕೊಳ್ಳುತ್ತಿತ್ತು. ಆದರೆ ಎದುರಿಗೆ ಆ ಹೆಂಗಸು ಸ್ಟೂಲಿನ ಮೇಲೆ ಕೂತಿದ್ದರು, ರಕ್ತದ ಕೈಗವಸು ಇನ್ನೂ ಬಿಚ್ಚದೆ.

"ರೀ" ಎಂದಳು. "ಒದ್ದಿದ್ದು ಮಗು ಅಲ್ಲ."

ಅವನಿಗೆ ಅರ್ಥವಾಗಲಿಲ್ಲ.

"ಕರೆಂಟ್ ಹೋದಾಗ ನಿಂತಿತು. ಬಂದಾಗ ಶುರುವಾಯ್ತು. ಮಷೀನು ಅದು. ನಮಗೆ ಅಭ್ಯಾಸ ಆಗಿತ್ತು, ಗೊತ್ತಾಗ್ಲಿಲ್ಲ."

ಅವನು ಏನೋ ಹೇಳಲು ಹೋದ. ಊಟದ ಹೊತ್ತಿಗೆ ಯಂತ್ರ ನಿಂತಿರುತ್ತೆ ಎಂದೇ ಹೇಳಲು ಹೋಗಿರಬೇಕು. ಅರ್ಧಕ್ಕೆ ನಿಲ್ಲಿಸಿದ. ಯಾರು ಒಪ್ಪಿಕೊಂಡದ್ದು, ಯಾಕೆ ಒಪ್ಪಿಕೊಂಡದ್ದು ಎಲ್ಲ ಅವನಿಗೆ ನೆನಪಾಗುವುದನ್ನು ಅವಳು ಕಣ್ಣಾರೆ ಕಂಡಳು. ನೋಡಬಾರದು ಎನಿಸಿದರೂ ಕಣ್ಣು ಕೀಳಲಾಗಲಿಲ್ಲ. "ನಿನಗೆ ಅಲ್ಲೇ ಗೊತ್ತಾಯ್ತಾ?" ಎಂದು ಕೇಳಿದ. ಹೂಂ ಎಂದಳು. ನಾನು ನಗ್ತಾ ಇದ್ದಾಗಲೇ ಗೊತ್ತಾಯ್ತಾ ಎಂದು ಮತ್ತೆ ಕೇಳಿದ. ಅವಳು ತಲೆ ತಗ್ಗಿಸಿದಳು. ಅವನು ಉಸಿರಮ್ಮನ ಕಡೆ ತಿರುಗಿ ಕೈ ಮುಗಿದ. ತೋಳಿನಲ್ಲಿದ್ದ ಮಗುವನ್ನು ನೋಡದೆ ಹೊರಗೆ ಹೋದ. ದೂರಿನ ಮಾತು ಮತ್ತೆ ಎತ್ತಲಿಲ್ಲ.

ಮಣ್ಣು ಮಾಡಿದ್ದು ಅವನೇ. ಹೇಗೆ, ಎಲ್ಲಿ ಎಂದು ಅವಳು ಕೇಳಲಿಲ್ಲ, ಅವನು ಹೇಳಲಿಲ್ಲ. ಪುಸ್ತಕದ ಕೆಲಸ ಇನ್ನೂ ಮುಗಿದಿರಲಿಲ್ಲ. ಮಾಲೀಕರು ಪಾಪ, ರಜೆ ತೆಗೆದುಕೋ ಎಂದೇ ಹೇಳಿಕಳಿಸಿದ್ದರು. ಅವನು ತೆಗೆದುಕೊಳ್ಳಲಿಲ್ಲ. ಊಟದ ಹೊತ್ತಿಗೂ ಯಂತ್ರದ ಮುಂದೆಯೇ ಇರುತ್ತಾನೆ, ತುತ್ತು ಬಾಯಿಗಿಡುವುದಿಲ್ಲ ಎಂದು ನೋಡಲು ಬಂದ ಗೋಂದಕ್ಕ ಹೇಳಿದಳು. ಅವಳು ಬಂದದ್ದು ಸಮಾಧಾನ ಮಾಡಲು. ಒಂದು ತಮಾಷೆಗೆ ಶುರುಮಾಡಿ, ನಡುವೆ ದಾರಿ ತಪ್ಪಿ, ಅಂಟು ಬೆರಳುಗಳನ್ನು ಒಂದಕ್ಕೊಂದು ಉಜ್ಜುತ್ತಾ ಕೂತಿದ್ದು ಎದ್ದುಹೋದಳು. ಕಾಗದದ ಮಂಚವನ್ನು ಅವಳೇ ಬಿಚ್ಚಿ ಹಾಕಿದ್ದಳಂತೆ.

ಗೋಂದಕ್ಕ ಬಂದುಹೋದ ದಿನವೇ ಇಸ್ತ್ರಿಗೆ ಎದೆಹಾಲು ಬಂತು. ಅದಕ್ಕೆ ಯಾರೂ ಸಿದ್ಧವಾಗಿರಲಿಲ್ಲ. ಎದೆ ಕಲ್ಲಾಗಿ, ರವಿಕೆ ತೋಯ್ದು, ತೋಳೆತ್ತಲಾಗದಷ್ಟು ನೋವು. ಅತ್ತೆ ನೋಡಲಾರದೆ ಅಡುಗೆಮನೆಗೆ ಹೋಗಿ ಒಂದೇ ಪಾತ್ರೆಯನ್ನು ತಿಕ್ಕುತ್ತಾ ನಿಂತರು. ಸುದ್ದಿ ತಿಳಿದು ಉಸಿರಮ್ಮ ಬಂದರು. ಹಿಂಡಬಾರದು, ಹಿಂಡಿದಷ್ಟೂ ಬರುತ್ತದೆ, ತಣ್ಣೀರ ಬಟ್ಟೆಯಿಟ್ಟು ಮೇಲೆ ಅಗಲವಾದ ಹತ್ತಿ ಬಟ್ಟೆಯನ್ನು ಎದೆಗೆ ಸುತ್ತಿ ಬೆನ್ನ ಹಿಂದೆ, ಮೈ ಹಿಡಿದುಕೊಳ್ಳುವಷ್ಟು ಮಾತ್ರ ಕಟ್ಟಬೇಕು ಎಂದು ತೋರಿಸಿಕೊಟ್ಟರು. ಒಬ್ಬರಿಂದ ಆಗುವುದಿಲ್ಲ, ಹಿಂದಿನಿಂದ ಇನ್ನೊಬ್ಬರು ಹಿಡಿಯಬೇಕು ಎಂದರು. ಹೋಗುವಾಗ ಬಾಗಿಲಲ್ಲಿ ನಿಂತು, ಸಂಜೆಯ ಪಾಠ ನಿಲ್ಲಿಸಿಬಿಡೋಣ ಅನಿಸಿದೆ ಎಂದರು. ಬೇಡ ಎನ್ನಬೇಕೆಂದು ಇಸ್ತ್ರಿಗೆ ಅನಿಸಿತು. ಅವಳಿಗೆ ಬೇಡ ಎನ್ನುವಷ್ಟು ಶಕ್ತಿ ಬರಲಿಲ್ಲ.

ಸಂಜೆ ಗಂಡ ಬಂದಾಗ ಬಟ್ಟೆ ಮತ್ತೆ ತೋಯ್ದು ಸಡಿಲವಾಗಿತ್ತು. ಅತ್ತೆ ಅಂಗಡಿಗೆ ಹೋಗಿದ್ದರು. ಅವಳು ಒಣ ಬಟ್ಟೆ ತೆಗೆದುಕೊಂಡು, ಹಿಂದಿನಿಂದ ಸ್ವಲ್ಪ ಹಿಡಿದುಕೊಳ್ಳಿ ಎಂದು ಕರೆದಳು.

ಅವನು ಎದ್ದು ಬಂದ. ಕೋಣೆಯ ಹೊಸ್ತಿಲಲ್ಲಿ ನಿಂತ. ಅವಳು ಬೆನ್ನು ತಿರುಗಿಸಿ, ಬಟ್ಟೆಯ ಎರಡು ತುದಿಗಳನ್ನು ಹಿಂದಕ್ಕೆ ಚಾಚಿ ಕಾದಳು. ಹಿಂದೆ ಅವನ ಉಸಿರು ಕೇಳುತ್ತಿತ್ತು. ಕೈ ಬರಲಿಲ್ಲ.

"ರೀ" ಎಂದಳು.

"ನನ್ನ ಕೈಲಿ ಆಗಲ್ಲ ಕಣೇ" ಎಂದ ಅವನು. "ನಿನ್ನ ಮೈ ಮುಟ್ಟೋಕೆ ಆಗಲ್ಲ."

ಅವನು ಹೋಗಲೂ ಇಲ್ಲ, ಅಲ್ಲೇ ನಿಂತಿದ್ದ. ಅವಳು ಸ್ವಲ್ಪ ಹೊತ್ತು ಹಾಗೇ ತೋಳು ಚಾಚಿಕೊಂಡಿದ್ದಳು. ನಂತರ ಒಂದು ತುದಿಯನ್ನು ಹಲ್ಲಲ್ಲಿ ಕಚ್ಚಿ, ಇನ್ನೊಂದನ್ನು ಕಂಕುಳ ಕೆಳಗಿನಿಂದ ಮುಂದಕ್ಕೆಳೆದು, ಸರಿಯಾಗಿ ಬಿಗಿಯದ ಒಂದು ಗಂಟು ಹಾಕಿಕೊಂಡಳು.